ಕಾರಿಗೊಬ್ಬ ನೀರುಗಂಟಿ

ದಾರಿಯಲ್ಲಿ ಕೆಟ್ಟು ನಿಂತ ಮೋಟಾರು ಕಾರಿನ ಸುತ್ತ ಹತ್ತು ಮಂದಿ ನೆರೆದರೆಂದರೆ, ಆ ಹತ್ತು ಮಂದಿಯಲ್ಲಿ ವೈದ್ಯನಲ್ಲದವನು ಒಬ್ಬನೂ ಇರುವುದಿಲ್ಲ. ಒಬ್ಬನು ಬ್ಯಾಟರಿಯ ನಾಡಿ ಹಿಡಿಯುತ್ತಾನೆ. ಮತ್ತೊಬ್ಬನು ಪ್ಲಗ್ಗುಗಳನ್ನು ಬಿಚ್ಚಿ ಒರೆಸಬೇಕೆನ್ನುತ್ತಾನೆ. ಅಷ್ಟು ಹೊತ್ತೂ ಬೀಡಿ ಸೇದುತ್ತ ಸುಮ್ಮನಿದ್ದ ಮೂರನೆಯವನು "ಕಾರ್ಬ್ಯುರೇಟರು ಹೋಗಿದೆ" ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಡುತ್ತಾನೆ. ಕೊನೆಗೆ ನಿಲ್ಲುವುದು ಸಾಮಾನ್ಯವಾಗಿ ಈ ಮೂರನೆಯವನ ಮಾತೇ. ಬಾನೆಟ್ಟು ಎತ್ತಿದೊಡನೆ ಕಣ್ಣಿಗೆ ಬೀಳುವಂತೆ ಮೇಲುಗಡೆ ಕುಳಿತಿರುವುದೇ ಕಾರ್ಬ್ಯುರೇಟರಿನ ದೊಡ್ಡ ಅಪರಾಧ. ಕಣ್ಣಿಗೆ ಬಿದ್ದವನೇ ಕಳ್ಳನೆಂಬ ನ್ಯಾಯ ಯಂತ್ರಲೋಕದಲ್ಲಿಯೂ ನಡೆಯುತ್ತದೆ.

ಹೀಗೊಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ಹೊಸಪೇಟೆಯ ನಿವೃತ್ತ ಉಪಾಧ್ಯಾಯರೊಬ್ಬರು. ಅವರಲ್ಲಿ ತಂದೆಯ ಕಾಲದಿಂದ ಬಂದ ಒಂದು ಅಂಬಾಸಿಡರು ಕಾರು. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಸಂಡೂರಿನ ಕುಮಾರಸ್ವಾಮಿ ಬೆಟ್ಟದ ದೇವಸ್ಥಾನಕ್ಕೆ ಹೊರಟಿದ್ದಾರೆ. ಬಯಲಿನಲ್ಲಿ ಚೆನ್ನಾಗಿಯೇ ಓಡಿದ ಕಾರು ಏರು ಮೊದಲಾದ ಸ್ವಲ್ಪ ಹೊತ್ತಿಗೆ ಮುಗ್ಗರಿಸುತ್ತದೆ, ಎರಡು ಸಲ ಬಿಕ್ಕುತ್ತದೆ, ನಿಂತುಬಿಡುತ್ತದೆ. ಹಿಂದೆ ಅದಿರು ಹೊತ್ತ ಲಾರಿಯೊಂದು ಹಾರನ್ನು ಬಾರಿಸುತ್ತಿದೆ. ಹಿಂದಿನ ಸೀಟಿನಲ್ಲಿ ಎಂಬತ್ತು ದಾಟಿದ ತಾಯಿ ಸೆಕೆಗೆ ಬಸವಳಿದಿದ್ದಾರೆ. ಅರ್ಧ ಗಂಟೆ ಕಳೆದ ಮೇಲೆ ಅದೇ ಕಾರು ಏನೂ ನಡೆದೇ ಇಲ್ಲವೆಂಬಂತೆ ಹೊರಡುತ್ತದೆ. ಮರುದಿನ ಹೊಸ ಕಾರ್ಬ್ಯುರೇಟರು ಬರುತ್ತದೆ, ಹಣ ಹೋಗುತ್ತದೆ. ಮುಂದಿನ ಭಾನುವಾರ ಅದೇ ಏರಿನಲ್ಲಿ ಕಾರು ಮತ್ತೆ ನಿಲ್ಲುತ್ತದೆ. ಉಪಾಧ್ಯಾಯರು ಈ ಬಾರಿ ಹಣಕ್ಕಿಂತ ದೊಡ್ಡದೊಂದನ್ನು ಕಳೆದುಕೊಂಡಿರುತ್ತಾರೆ: ಕಾರಿನ ಮೇಲಿನ ನಂಬಿಕೆಯನ್ನು. ಇನ್ನು ಅದನ್ನು ಗುಜರಿಗೆ ಹಾಕುವುದೊಂದೇ ಉಳಿದ ದಾರಿಯೆಂದು ಅವರಿಗೆ ತೋರುತ್ತದೆ.

ಉಪಾಧ್ಯಾಯರು ಕಲ್ಪಿತರಾದರೂ ಅವರ ಕಷ್ಟ ಕಲ್ಪಿತವಲ್ಲ. 1957ರಲ್ಲಿ ಕಲ್ಕತ್ತೆಯ ಬಳಿಯ ಉತ್ತರಪಾರಾ ಕಾರ್ಖಾನೆಯಿಂದ ಹೊರಟ ಅಂಬಾಸಿಡರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಮುಂಬಯಿಯ ಪ್ರೀಮಿಯರ್ ಪದ್ಮಿನಿ ಅದಕ್ಕೂ ಮೊದಲೇ ಕಣ್ಮರೆಯಾಗಿತ್ತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕೂಡ ಮೊದಲು ಕಾರ್ಬ್ಯುರೇಟರಿನದೇ. ಹೊಗೆಯ ನಿಯಮಗಳು ಬಿಗಿಯಾದಂತೆ, 2000ದ ಆಸುಪಾಸಿನಲ್ಲಿ, ಇಂಧನವನ್ನು ವಿದ್ಯುತ್ತಿನ ಹಿಡಿತದಲ್ಲಿ ಚಿಮುಕಿಸುವ ಹೊಸ ಪದ್ಧತಿ ಅದರ ಸ್ಥಾನವನ್ನು ಆಕ್ರಮಿಸಿತು. ಹೊಸ ಕಾರು ಕೆಟ್ಟರೆ ಮೆಕ್ಯಾನಿಕನು ಒಂದು ಯಂತ್ರವನ್ನು ಅದಕ್ಕೆ ಜೋಡಿಸಿ ರೋಗದ ಸಂಖ್ಯೆಯನ್ನು ಓದಿಕೊಳ್ಳುತ್ತಾನೆ. ಹಳೆಯ ಕಾರಿಗೆ ಅಂಥ ಬಾಯಿಲ್ಲ. ಅದು ಬಿಕ್ಕುವ ರೀತಿ, ನಿಲ್ಲುವ ಹೊತ್ತು, ಮತ್ತೆ ಹೊರಡುವ ಗಳಿಗೆ, ಇವೇ ಅದರ ಭಾಷೆ. ಆ ಭಾಷೆ ಬಲ್ಲ ಹಿರಿಯ ಮೆಕ್ಯಾನಿಕರು ಒಬ್ಬೊಬ್ಬರಾಗಿ ಕೆಲಸ ಬಿಡುತ್ತಿರುವುದರಿಂದ, ಕಾರಿನ ಒಡೆಯನೇ ಅದನ್ನು ಅಷ್ಟಿಷ್ಟು ಕಲಿಯುವುದು ಅನಿವಾರ್ಯವಾಗಿದೆ.

ಕಲಿಕೆಗೆ ದೂರ ಹೋಗಬೇಕಾದುದಿಲ್ಲ. ತುಂಗಭದ್ರೆಯ ಈ ಸೀಮೆಯಲ್ಲಿ ಅದಕ್ಕೆ ಬೇಕಾದ ಗುರು ಆಗಲೇ ಇದ್ದಾನೆ. ಅವನು ಕಾಲುವೆಯ ನೀರು ಹಂಚುವ ನೀರುಗಂಟಿ.

ವಿಜಯನಗರದ ಅರಸರ ಕಾಲದಲ್ಲಿ ತೋಡಿದ ತುರುತ್ತು ಕಾಲುವೆ ಇಂದಿಗೂ ಹಂಪಿಯ ಬಂಡೆಗಳ ನಡುವೆ ಹರಿದು ಬಾಳೆಗೂ ಬತ್ತಕ್ಕೂ ನೀರುಣಿಸುತ್ತದೆ. ರಾಜಪ್ರಾಸಾದದ ಆವರಣದಲ್ಲಿ ಕಲ್ಲುಕಂಬಗಳ ಮೇಲೆ ನಿಲ್ಲಿಸಿದ ಕಲ್ಲಿನ ದೋಣಿಯೊಂದು ನೀರನ್ನು ಸಾಲುಸಾಲಾಗಿ ಸಾಗಿಸಿ ಮೆಟ್ಟಿಲುಗಳ ಪುಷ್ಕರಿಣಿಗೆ ಒಪ್ಪಿಸುತ್ತಿದ್ದುದನ್ನು ನೋಡಿದವರಿಗೆ ಒಂದು ವಿಷಯ ಮನದಟ್ಟಾಗುತ್ತದೆ: ನೀರು ಬರಲಿಲ್ಲವೆಂದರೆ ತಪ್ಪು ಪುಷ್ಕರಿಣಿಯದೇ ಆಗಬೇಕೆಂದಿಲ್ಲ. ಕೊನೆಯ ಗದ್ದೆಗೆ ನೀರು ಏರಲಿಲ್ಲವೆಂದು ದೂರು ಬಂದಾಗ ಬಲ್ಲ ನೀರುಗಂಟಿ ಗದ್ದೆಯನ್ನು ಅಗೆಯಲು ತೊಡಗುವುದಿಲ್ಲ. ಕಾಲುವೆಯ ಉದ್ದಕ್ಕೂ ನಡೆದು, "ಇಲ್ಲಿಯವರೆಗೆ ಇದೆ, ಇಲ್ಲಿಂದ ಮುಂದೆ ಇಲ್ಲ" ಎಂಬ ಒಂದು ಸ್ಥಳವನ್ನು ಹುಡುಕುತ್ತಾನೆ. ಆ ಸ್ಥಳ ಸಿಕ್ಕಿದರೆ ರೋಗ ಸಿಕ್ಕಿದಂತೆಯೇ. ಕಾರಿನಲ್ಲಿ ಪೆಟ್ರೋಲು ಹರಿಯುವುದೂ ಇಂಥದೇ ಒಂದು ಕಾಲುವೆ. ಕಾರ್ಬ್ಯುರೇಟರು ಅದರ ಕೊನೆಯ ಗದ್ದೆ.

ಈ ಕಾಲುವೆಯ ಹಾದಿ ಸುಲಭವಾದುದು. ಕಾರಿನ ಹಿಂಬದಿಯ ಟ್ಯಾಂಕೇ ಕೆರೆ. ಅಲ್ಲಿಂದ ಸಣ್ಣದೊಂದು ಲೋಹದ ಕೊಳವೆ ಗಾಡಿಯ ಅಡಿಯಲ್ಲಿಯೇ ಮುಂದಕ್ಕೆ ಬರುತ್ತದೆ. ಇಂಜಿನಿನ ಪಕ್ಕದಲ್ಲಿ ಒಂದು ಪಂಪು. ಅದರೊಳಗೆ ರಬ್ಬರು ಬಟ್ಟೆಯ ಒಂದು ಪೊರೆ. ಇಂಜಿನು ಎರಡು ಸುತ್ತು ತಿರುಗಿದಾಗೊಮ್ಮೆ ಈ ಪೊರೆ ಒಂದು ಸಲ ಮೇಲೆ ಕೆಳಗೆ ಆಡಿ, ಒಂದು ಗುಟುಕು ಪೆಟ್ರೋಲನ್ನು ಹಿಂದಿನಿಂದ ಹೀರಿ ಮುಂದಕ್ಕೆ ತಳ್ಳುತ್ತದೆ. ಆ ಪೆಟ್ರೋಲು ಸೋಸುವ ಬಟ್ಟಲನ್ನು ದಾಟಿ ಕಾರ್ಬ್ಯುರೇಟರಿನ ಪಕ್ಕದ ಪುಟ್ಟ ತೊಟ್ಟಿಗೆ ಬೀಳುತ್ತದೆ. ತೊಟ್ಟಿಯಲ್ಲಿ ಒಂದು ತೇಲುಗುಂಡು. ಅದರ ತಲೆಯ ಮೇಲೆ ಒಂದು ಸೂಜಿಕವಾಟ. ಮಟ್ಟ ಏರಿದರೆ ಸೂಜಿ ಬಾಗಿಲು ಮುಚ್ಚುತ್ತದೆ, ಇಳಿದರೆ ತೆರೆಯುತ್ತದೆ. ಕೆರೆಯ ತೂಬಿನ ಕೆಲಸವೂ ಇದೇ ಅಲ್ಲವೆ? ಕೊನೆಗೆ ಜೆಟ್ಟೆಂಬ ಹಿತ್ತಾಳೆಯ ತುಣುಕಿನ ಕಿರುರಂಧ್ರದಿಂದ ಪೆಟ್ರೋಲು ಹೊರಬಂದು, ನುಗ್ಗುವ ಗಾಳಿಯಲ್ಲಿ ಮಂಜಿನಂತೆ ಬೆರೆಯುತ್ತದೆ. ಒಂದು ಪಾಲು ಪೆಟ್ರೋಲು ಪೂರ್ಣವಾಗಿ ಉರಿಯಬೇಕಾದರೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಈ ಲೆಕ್ಕವನ್ನು ಕಾಪಾಡುವುದಷ್ಟೇ ಕಾರ್ಬ್ಯುರೇಟರಿನ ವೃತ್ತಿ.

ಕಾಲುವೆಯ ಮೇಲೆ ನಡೆಯುವುದಕ್ಕೆ ಮೊದಲು, ದೋಷ ಕಾಲುವೆಯದೇ ಹೌದೆ ಎಂದು ತಿಳಿಯಬೇಕು. ಇಂಜಿನಿಗೆ ಇಂಧನದಂತೆ ಕಿಡಿಯೂ ಬೇಕಷ್ಟೆ. ಇವೆರಡರಲ್ಲಿ ಯಾವುದು ತಪ್ಪಿತೆಂಬುದನ್ನು ಮನೆಯ ಹಣತೆಯೇ ಹೇಳಿಕೊಡುತ್ತದೆ. ಗಾಳಿ ಬೀಸಿ ಆರಿದ ದೀಪ ಥಟ್ಟನೆ ಆರುತ್ತದೆ. ಎಣ್ಣೆ ತೀರಿ ಆರುವ ದೀಪ ಕುಂದುತ್ತ, ಮಿಣುಕುತ್ತ, ಒಮ್ಮೆ ಚಿಗುರಿ ಮತ್ತೆ ಕುಸಿಯುತ್ತದೆ. ಕೀಲಿ ತಿರುಗಿಸಿ ನಿಲ್ಲಿಸಿದಂತೆ ಒಮ್ಮೆಲೇ ನಿಂತ ಇಂಜಿನು ಬಹುತೇಕ ಕಿಡಿಯ ರೋಗಿ. ಬಿಕ್ಕಿ, ಜಗ್ಗಿ, ಚೇತರಿಸಿಕೊಂಡಂತೆ ನಟಿಸಿ ನಿಂತದ್ದು ಬಹುತೇಕ ಇಂಧನದ ರೋಗಿ. ಈ ಲಕ್ಷಣಕ್ಕೆ ಅಪವಾದಗಳುಂಟು. ಆದರೂ ಮೊದಲ ಹೆಜ್ಜೆಯನ್ನು ಯಾವ ದಿಕ್ಕಿಗೆ ಇಡಬೇಕೆಂಬುದಕ್ಕೆ ಇಷ್ಟು ಸಾಕು.

ಇನ್ನು ರೋಗವನ್ನು ಬಾಯಿ ಬಿಡಿಸಲು ಹೊಸಪೇಟೆಯವರಿಗೆ ಪ್ರಕೃತಿಯೇ ಮೂರು ಪರೀಕ್ಷಾಶಾಲೆಗಳನ್ನು ಕಟ್ಟಿಕೊಟ್ಟಿದೆ. ಒಂದು ಹಂಪಿಯ ದಾರಿ, ಒಂದು ಕಂಪ್ಲಿಯ ದಾರಿ, ಇನ್ನೊಂದು ಸಂಡೂರಿನ ದಾರಿ.

ಹಂಪಿಯ ದಾರಿ ನಿಧಾನದ ದಾರಿ. ಕಮಲಾಪುರವನ್ನು ದಾಟಿದ ಮೇಲೆ ಬಂಡೆಗಳ ಝಳ, ಯಾತ್ರಿಕರ ಸಂದಣಿ, ಹೆಜ್ಜೆಗೊಮ್ಮೆ ನಿಲುಗಡೆ. ಆಕ್ಸಿಲರೇಟರಿನ ಮೇಲೆ ಕಾಲಿಟ್ಟಿರುವವರೆಗೆ ಸರಿಯಾಗಿದ್ದು, ಕಾಲು ತೆಗೆದೊಡನೆ ಆರಿಹೋಗುವ ಇಂಜಿನು ಇಲ್ಲಿ ಸಿಕ್ಕಿಬೀಳುತ್ತದೆ. ಅದರ ದೋಷ ಸಾಮಾನ್ಯವಾಗಿ ನಿಧಾನಗತಿಯ ಚಿಕ್ಕ ಜೆಟ್ಟಿನಲ್ಲಿ ಕುಳಿತ ಕಸ. ಅಥವಾ ಕಾರ್ಬ್ಯುರೇಟರಿನ ಬುಡದ ಗ್ಯಾಸ್ಕೆಟ್ಟು ಸಡಿಲವಾಗಿ ಅಲ್ಲಿಂದ ಕಳ್ಳಗಾಳಿ ನುಗ್ಗುತ್ತಿರಬಹುದು. ಇದೇ ದಾರಿಯ ಇನ್ನೊಂದು ರೋಗ ಬೇಸಗೆಯದು. ಕಾರನ್ನು ಬಿಸಿಲಲ್ಲಿ ಬಿಟ್ಟು ವಿಠ್ಠಲ ದೇವಾಲಯವನ್ನು ನೋಡಿಕೊಂಡು ಬಂದರೆ ಅದು ಹೊರಡಲು ಒಪ್ಪುವುದಿಲ್ಲ. ಪೆಟ್ರೋಲಿನ ಹಗುರವಾದ ಅಂಶಗಳು 35–40 ಡಿಗ್ರಿಯ ಸುಮಾರಿಗೇ ಕುದಿಯತೊಡಗುತ್ತವೆ. ನಿಂತ ಇಂಜಿನಿನ ಕಾವು ಮೇಲೇರಿ ತೇಲುತೊಟ್ಟಿಯ ಪೆಟ್ರೋಲನ್ನು ಕುದಿಸಿ ಉಕ್ಕಿಸುತ್ತದೆ; ಇಂಜಿನಿನ ಬಾಯಿ ತೊಯ್ದು ಹೋಗುತ್ತದೆ. ಇಲ್ಲಿ ಚೋಕನ್ನು ಎಳೆಯುವುದು ಹೊಟ್ಟೆ ಬಿರಿಯ ಉಂಡವನಿಗೆ ಮತ್ತೆ ಎಲೆ ಹಾಕಿದಂತೆ. ಚೋಕನ್ನು ಮುಟ್ಟದೆ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಸ್ಟಾರ್ಟರು ತಿರುಗಿಸಿದರೆ, ಗಾಳಿ ಹೆಚ್ಚಾಗಿ ಒಳಹೋಗಿ ಇಂಜಿನು ಜೀವ ತಳೆಯುತ್ತದೆ.

ಕಂಪ್ಲಿಯ ದಾರಿ ಸಮತಲದ ದಾರಿ. ಬತ್ತದ ಗದ್ದೆ, ಬಾಳೆಯ ತೋಟ, ಕಬ್ಬು. ಕಾರು ಒಂದೇ ವೇಗದಲ್ಲಿ ಬಹಳ ಹೊತ್ತು ಓಡಬಹುದು. ಹೊರಟಾಗ ಸರಿಯಾಗಿದ್ದು, ಇಪ್ಪತ್ತು ನಿಮಿಷದ ಓಟದ ಮೇಲೆ ಮೆಲ್ಲನೆ ಸೊರಗಿ ನಿಲ್ಲುವ ರೋಗ ಇಲ್ಲಿ ಹೊರಬೀಳುತ್ತದೆ. ಇದರ ಕಾರಣಗಳಲ್ಲಿ ತೀರ ಸಣ್ಣದೂ ತೀರ ವಂಚಕವೂ ಆದುದು ಟ್ಯಾಂಕಿನ ಮುಚ್ಚಳ. ಒಳಗಿನ ಪೆಟ್ರೋಲು ಇಳಿದಂತೆ ಆ ಜಾಗಕ್ಕೆ ಗಾಳಿ ಬರಬೇಕು. ಅದಕ್ಕಾಗಿ ಮುಚ್ಚಳದಲ್ಲಿ ಒಂದು ಉಸಿರುಗಂಡಿ ಇರುತ್ತದೆ. ಗಿಂಡಿಯ ಬಾಯನ್ನು ಅಂಗೈಯಿಂದ ಭದ್ರವಾಗಿ ಮುಚ್ಚಿ ಬಗ್ಗಿಸಿದರೆ ಸೊಂಡಿಲಿನಿಂದ ನೀರು ಬರುವುದೆ? ಉಸಿರುಗಂಡಿ ಕಟ್ಟಿದ ಟ್ಯಾಂಕಿನ ಗತಿಯೂ ಅಷ್ಟೆ. ಇನ್ನೊಂದು ಕಾರಣ ಟ್ಯಾಂಕಿನ ತಳದ ಕಸ. ಇಂಜಿನು ಹೀರುವಾಗ ಕಸ ಬಂದು ಕೊಳವೆಯ ಬಾಯಿಗೆ ಅಂಟಿಕೊಳ್ಳುತ್ತದೆ. ಇಂಜಿನು ನಿಂತ ಮೇಲೆ ಉದುರಿ ಕೆಳಗೆ ಬೀಳುತ್ತದೆ. ಆದ್ದರಿಂದ ಕಾರು ವಿಶ್ರಾಂತಿ ಪಡೆದ ಮೇಲೆ ತಾನಾಗಿಯೇ ಗುಣವಾದಂತೆ ಕಾಣುತ್ತದೆ.

ಸಂಡೂರಿನ ದಾರಿ ಭಾರದ ದಾರಿ. ಏರಿನಲ್ಲಿ ಇಂಜಿನಿನ ಹಸಿವು ಹೆಚ್ಚು. ಅದೇ ವೇಳೆಗೆ ಕಾರಿನ ಮೂತಿ ಮೇಲಾಗಿ, ಹಿಂಬದಿಯ ಟ್ಯಾಂಕು ಕೆಳಗಾಗಿ, ಪಂಪು ಪೆಟ್ರೋಲನ್ನು ಇನ್ನಷ್ಟು ಎತ್ತರಕ್ಕೆ ಎತ್ತಬೇಕಾಗುತ್ತದೆ. ಅಮೆರಿಕದ ಹಳೆಯ ಫೋರ್ಡ್ ಟಿ ಮಾದರಿಯಲ್ಲಿ ಪಂಪೇ ಇರಲಿಲ್ಲ. ಸೀಟಿನ ಅಡಿಯ ಟ್ಯಾಂಕಿನಿಂದ ಪೆಟ್ರೋಲು ತಾನಾಗಿ ಇಳಿದು ಬರುತ್ತಿತ್ತು. ಟ್ಯಾಂಕಿನಲ್ಲಿ ಪೆಟ್ರೋಲು ಕಡಿಮೆಯಿದ್ದಾಗ ಕಡಿದಾದ ಏರನ್ನು ಅದರ ಚಾಲಕರು ಹಿಮ್ಮುಖವಾಗಿಯೇ ಹತ್ತುತ್ತಿದ್ದರು! ಅಂಬಾಸಿಡರಿಗೆ ಆ ಅವಮಾನವಿಲ್ಲ, ಪಂಪು ಗಟ್ಟಿಯಾಗಿರುವವರೆಗೆ. ಬಯಲಿನಲ್ಲಿ ಹೇಗೋ ಸಂಸಾರ ತೂಗಿಸುತ್ತಿದ್ದ ಸೋತ ಪಂಪು ಏರಿನಲ್ಲಿ ಕೈಚೆಲ್ಲುತ್ತದೆ. ಮುಖ್ಯ ಜೆಟ್ಟಿನಲ್ಲಿ ಕಸ ಕುಳಿತಿದ್ದರೂ, ಸೋಸುವ ಬಟ್ಟಲು ಅರ್ಧ ಕಟ್ಟಿದ್ದರೂ ಬಯಲಾಗುವುದು ಇಲ್ಲಿಯೇ. ಇದಕ್ಕೆ ಬಿಸಿಲೂ ಸೇರಿದರೆ ಕೊಳವೆಯೊಳಗೇ ಪೆಟ್ರೋಲು ಆವಿಯಾಗುತ್ತದೆ. ಪಂಪು ಬಲ್ಲುದು ದ್ರವವನ್ನು ತಳ್ಳುವುದನ್ನು. ಆವಿಯನ್ನು ಅದು ಹಿಸುಕುತ್ತದೆ, ಬಿಡುತ್ತದೆ, ಮುಂದಕ್ಕೆ ಕಳಿಸಲಾರದು. ಪಂಪಿನ ಮೇಲೆ ಒದ್ದೆ ಬಟ್ಟೆ ಹೊದಿಸಿ ಕುಳಿತಿರುವ ಟ್ಯಾಕ್ಸಿ ಚಾಲಕರನ್ನು ನಮ್ಮ ಹಿರಿಯರೆಲ್ಲ ಕಂಡವರೇ. ಬಟ್ಟೆ ಹೊದಿಸುವುದು ಸರಿಯಾದ ಉಪಾಯ. ಕಾದ ಇಂಜಿನಿನ ಮೇಲೆ ಕೊಡದ ತಣ್ಣೀರನ್ನು ಸುರಿಯುವುದು ತಪ್ಪು, ಎರಕದ ಕಬ್ಬಿಣ ಬಿರುಕು ಬಿಡಬಹುದು.

ಉಪಾಧ್ಯಾಯರ ಕಾರಿನ ಗೊಂದಲ ಈಗ ಅರ್ಥವಾಗುತ್ತದೆ. ನಿಂತು ಅರ್ಧ ಗಂಟೆಯ ಮೇಲೆ ತಾನಾಗಿ ಹೊರಡುವ ಲಕ್ಷಣ ಮುಚ್ಚಳದ ಉಸಿರುಗಂಡಿಗೂ ಉಂಟು, ಟ್ಯಾಂಕಿನ ಕಸಕ್ಕೂ ಉಂಟು, ಆವಿಗೂ ಉಂಟು. ಮೂರು ರೋಗಗಳಿಗೆ ಒಂದೇ ಮುಖ. ಮುಖ ನೋಡಿ ಮದ್ದು ಕೊಡುವವನು ಇಲ್ಲಿ ಸೋಲುತ್ತಾನೆ. ನೀರುಗಂಟಿಯಂತೆ ಕಾಲುವೆಯ ಮೇಲೆ ನಡೆದವನು ಗೆಲ್ಲುತ್ತಾನೆ.

ಆ ನಡಿಗೆಯ ಕ್ರಮ ಹೀಗೆ. ಕಾರು ನಿಂತ ಗಳಿಗೆಯಲ್ಲಿಯೇ, ಅದು ಚೇತರಿಸಿಕೊಳ್ಳಲು ಬಿಡದೆ, ಟ್ಯಾಂಕಿನ ಮುಚ್ಚಳವನ್ನು ತಿರುಗಿಸಿ ಕಿವಿಗೊಡಬೇಕು. ಬುಸ್ಸೆಂದು ಗಾಳಿ ಒಳಗೆ ನುಗ್ಗಿದ ಸದ್ದಾಗಿ, ಇಂಜಿನು ಕೂಡಲೇ ಹೊರಟರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ಸದ್ದಾಗದಿದ್ದರೆ ಒಣಗಿದ ಕಡ್ಡಿಯೊಂದನ್ನು ಇಳಿಬಿಟ್ಟು ಪೆಟ್ರೋಲು ಇದೆಯೆ ಎಂದು ನೋಡಬೇಕು. ಇದು ಅವಮಾನದ ಮಾತಲ್ಲ. ಹಳೆಯ ಕಾರಿನ ಇಂಧನಸೂಚಕ ಮುಳ್ಳು ಹಳೆಯ ಜ್ಯೋತಿಷಿಯಂತೆ, ಒಮ್ಮೊಮ್ಮೆ ನಿಜವನ್ನೂ ಹೇಳುತ್ತದೆ.

ಮೂರನೆಯ ಹೆಜ್ಜೆ ಕಾಲುವೆಯನ್ನು ನಡುವೆ ಕಡಿಯುವುದು. ಇಂಜಿನು ತಣ್ಣಗಾದ ಮೇಲೆ, ಕಿಡಿ ಹಾರದಂತೆ ಕಾಯಿಲಿನ ತಂತಿಯನ್ನು ಬಿಡಿಸಿ, ಕಾರ್ಬ್ಯುರೇಟರಿಗೆ ಬರುವ ಕೊಳವೆಯನ್ನು ಕಳಚಿ, ಅದರ ಬಾಯನ್ನು ಒಂದು ಸೀಸೆಗೆ ಇಟ್ಟು, ಇಂಜಿನನ್ನು ಸ್ಟಾರ್ಟರಿನಿಂದ ತಿರುಗಿಸಬೇಕು. ಪೆಟ್ರೋಲು ಗುಕ್ಕುಗುಕ್ಕಾಗಿ ಬಲವಾಗಿ ಬಂದರೆ ಹಿಂದಿನದೆಲ್ಲ ನಿರ್ದೋಷಿ, ಅಪರಾಧಿ ಮುಂದಿದ್ದಾನೆ. ಬಾರದಿದ್ದರೆ ಕಾರ್ಬ್ಯುರೇಟರು ನಿರ್ದೋಷಿ. ಆಗ ನಾಲ್ಕನೆಯ ಹೆಜ್ಜೆ. ಪಂಪಿಗೆ ಹಿಂದಿನಿಂದ ಬರುವ ಕೊಳವೆಯನ್ನು ಬಿಡಿಸಿ, ಬೇರೊಂದು ಡಬ್ಬಿಯ ಶುದ್ಧ ಪೆಟ್ರೋಲಿನಿಂದ ಪಂಪು ಹೀರುವಂತೆ ಮಾಡಬೇಕು. ಹೀರಿ ಚಿಮ್ಮಿಸಿದರೆ ಪಂಪು ಗಟ್ಟಿ, ದೋಷ ಟ್ಯಾಂಕಿನ ಕಡೆಗೆ. ಆಗಲೂ ಚಿಮ್ಮದಿದ್ದರೆ ಪಂಪೇ ರೋಗಿ. ನೋಡಿ, ಎರಡು ಕೊಳವೆ ಬಿಚ್ಚುವಷ್ಟರಲ್ಲಿ ಇಡೀ ಕಾಲುವೆ ಮೂರು ಪಾಲಾಯಿತು. ಇನ್ನೂ ಒಂದು ಕಾಸೂ ಖರ್ಚಾಗಿಲ್ಲ.

ದೋಷ ಟ್ಯಾಂಕಿನ ಕಡೆಯದಾದರೆ ಸೈಕಲ್ ಪಂಪಿನಿಂದ ಕೊಳವೆಗೆ ಹಿಮ್ಮುಖವಾಗಿ ಗಾಳಿ ಊದಬೇಕು. ಟ್ಯಾಂಕಿನಲ್ಲಿ ಗುಳುಗುಳು ಸದ್ದು ಸಲೀಸಾಗಿ ಕೇಳಿಸಿದರೆ ದಾರಿ ತೆರೆದಿದೆ. ಗಾಳಿ ಎದುರಿಸಿ ನಿಂತು, ಆಮೇಲೆ ಒಮ್ಮೆಲೇ ಬಿಟ್ಟುಕೊಂಡರೆ ಕಸ ಕುಳಿತಿತ್ತೆಂದು ಅರ್ಥ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪಂಪಿನಿಂದ ಮುಂದಿನ ಕೊಳವೆ ಒಡೆದರೆ ಪೆಟ್ರೋಲು ಹೊರಗೆ ಸೋರಿ ತಾನೇ ಸಾಕ್ಷಿ ನುಡಿಯುತ್ತದೆ. ಪಂಪಿನಿಂದ ಹಿಂದಿನ ಕೊಳವೆ ಕೂದಲೆಳೆಯಷ್ಟು ಬಿರಿದರೆ ಒಂದು ಹನಿಯೂ ಹೊರಬಾರದಿರಬಹುದು. ಪಂಪು ಪೆಟ್ರೋಲಿನ ಬದಲು ಗಾಳಿಯನ್ನೇ ಕುಡಿಯುತ್ತಿರುತ್ತದೆ. ಒಣಗಿದ ರಬ್ಬರಿನ ತುಂಡುಗಳ ಮೇಲೆ ಆದುದರಿಂದಲೇ ಮೊದಲ ಸಂಶಯ ಬೀಳಬೇಕು. ಪಂಪಿನ ಪೊರೆ ಹರಿದಿದ್ದರೆ ಕೆಡುಕು ಇನ್ನೂ ಗೂಢ: ಪೆಟ್ರೋಲು ಒಳಗೊಳಗೇ ಇಂಜಿನಿನ ಎಣ್ಣೆಗೆ ಇಳಿಯಬಹುದು. ಎಣ್ಣೆ ಅಳೆಯುವ ಕಡ್ಡಿಯಲ್ಲಿ ಮಟ್ಟ ಏರಿ ಪೆಟ್ರೋಲಿನ ವಾಸನೆ ಬಂದರೆ ಕಾರನ್ನು ಓಡಿಸಲೇಬಾರದು. ತೆಳುವಾದ ಎಣ್ಣೆ ಬೇರಿಂಗುಗಳನ್ನು ತಿಂದುಹಾಕುತ್ತದೆ.

ಇಷ್ಟೆಲ್ಲ ಸರಿಯಿದ್ದು, ದೋಷ ಕಾರ್ಬ್ಯುರೇಟರಿನದೆಂದೇ ಸಿದ್ಧವಾದ ಮೇಲೆ ಅದನ್ನು ಬಿಚ್ಚಲು ಅಡ್ಡಿಯಿಲ್ಲ. ಅಂಬಾಸಿಡರಿಗೆ ಕಾಲಕ್ಕೆ ತಕ್ಕಂತೆ ಎಸ್.ಯು. ಕಾರ್ಬ್ಯುರೇಟರೂ ಸೋಲೆಕ್ಸ್ ಕಾರ್ಬ್ಯುರೇಟರೂ ಬಂದಿವೆ. ಎಸ್.ಯು. ಇದ್ದರೆ ಅದರ ಉರುಳೆಯನ್ನು ಬೆರಳಿಂದ ಎತ್ತಿ ಬಿಡಬೇಕು. ಟಕ್ಕೆಂದು ತಳ ಮುಟ್ಟಿದರೆ ಆರೋಗ್ಯ, ನಡುವೆ ಸಿಕ್ಕಿಕೊಂಡರೆ ರೋಗ. ಸೋಲೆಕ್ಸ್ ಜೆಟ್ಟಿನ ಮೇಲೆ 120 ಎಂದು ಕೊರೆದಿದ್ದರೆ ಅದರ ರಂಧ್ರ 1.2 ಮಿಲಿಮೀಟರೆಂದು ಅರ್ಥ. ಅಷ್ಟು ನಯವಾದ ಲೆಕ್ಕದ ರಂಧ್ರಕ್ಕೆ ತಂತಿ ತೂರಿಸುವುದು, ಅಕ್ಕಸಾಲಿಗನ ತಕ್ಕಡಿಯಲ್ಲಿ ಕಲ್ಲಿದ್ದಲು ತೂಗಿದಂತೆ. ಗಾಳಿಯಿಂದ ಊದಿ ತೆಗೆಯಬೇಕೇ ಹೊರತು ಚುಚ್ಚಬಾರದು.

ಇದುವರೆಗೆ ಹೇಳಿದ್ದು ಬಾರದ ನೀರಿನ ಕಥೆ. ಮಿತಿಮೀರಿ ಬರುವ ನೀರೂ ಕೇಡೇ ಎಂಬುದನ್ನು ಹೊಸಪೇಟೆಯವರಿಗೆ ಹೇಳಬೇಕಾದುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಬಾಗಿಲುಗಳಲ್ಲಿ ಹತ್ತೊಂಬತ್ತನೆಯದರ ಸರಪಳಿ ತುಂಡಾಗಿ, ಬಾಗಿಲೇ ಕೊಚ್ಚಿಹೋಯಿತು. ಕಟ್ಟೆ ಗಟ್ಟಿಯಾಗಿತ್ತು, ಕಾಲುವೆಗಳು ಸರಿಯಾಗಿದ್ದುವು. ಒಂದು ಸರಪಳಿ ಸೋತದ್ದಕ್ಕೆ ಒಂದು ಬೆಳೆಯ ನೀರು ಕೈಬಿಡುವ ಭೀತಿ ರೈತರನ್ನು ಆವರಿಸಿತು. ಹಿರಿಯ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಬಾಗಿಲನ್ನು ಇಳಿಸಿ, ಒಂದು ವಾರದಲ್ಲಿ ಹರಿವನ್ನು ತಡೆದರು. ಕಾರ್ಬ್ಯುರೇಟರಿನ ಸೂಜಿಕವಾಟ ಮುಚ್ಚದೆ ಹೋದರೆ ನಡೆಯುವುದೂ ಇದೇ. ಒಂದು ಮರಳಿನ ಕಣ ಸೂಜಿಯಡಿ ಸಿಕ್ಕಿಕೊಂಡರೆ, ಅಥವಾ ತೇಲುಗುಂಡು ತೂತಾಗಿ ತಾನೇ ಮುಳುಗಿದರೆ, ಪೆಟ್ರೋಲು ತೊಟ್ಟಿಯಿಂದ ಉಕ್ಕಿ ಬಿಸಿ ಇಂಜಿನಿನ ಮೇಲೆ ಇಳಿಯುತ್ತದೆ. ತೇಲುಗುಂಡನ್ನು ಕಿವಿಯ ಬಳಿ ಹಿಡಿದು ಅಲುಗಿಸಿದರೆ ಒಳಗೆ ಪೆಟ್ರೋಲು ತುಳುಕುವ ಸದ್ದು ಗುಟ್ಟನ್ನು ಬಿಟ್ಟುಕೊಡುತ್ತದೆ. ಹೊಟ್ಟೆಗಿಲ್ಲದ ಕಾರು ದಾರಿಯಲ್ಲಿ ನಿಲ್ಲುತ್ತದೆ. ಉಕ್ಕುವ ಕಾರು ದಾರಿಯಲ್ಲಿ ಉರಿಯುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಹಳೆಯ ಕಾರಿನ ಕಾಲುವೆಗೆ ಹೊಸ ನೀರೊಂದು ಸೇರಿದೆ. 2022ರ ಜೂನ್ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಸರಾಸರಿ ನೂರಕ್ಕೆ 10 ಪಾಲು ಎಥನಾಲು ಬೆರೆತಿತ್ತು. ನೂರಕ್ಕೆ 20 ಪಾಲಿನ ಪೆಟ್ರೋಲಿಗೆ 2023ರ ಫೆಬ್ರವರಿ 6ರಂದು ಚಾಲನೆ ದೊರೆತದ್ದು ನಮ್ಮ ಬೆಂಗಳೂರಿನಲ್ಲಿಯೇ. 2025ರಲ್ಲಿ ದೇಶ ಆ ಗುರಿಯನ್ನು ಮುಟ್ಟಿತು. ಎಥನಾಲು ಬಹುಮಟ್ಟಿಗೆ ಕಬ್ಬಿನಿಂದ ಮತ್ತು ಧಾನ್ಯಗಳಿಂದ ಬರುತ್ತದೆ. ಕಾಲುವೆಯ ನೀರು ಕಬ್ಬಾಗಿ, ಕಬ್ಬು ಎಥನಾಲಾಗಿ, ಕೊನೆಗೆ ಕಾರಿನ ಕಾಲುವೆಯಲ್ಲಿಯೂ ಹರಿಯುವ ಕಾಲ ಬಂದಿತೆಂದರೆ ಅದರಲ್ಲಿ ಒಂದು ಚೆಲುವಿದೆ. ರೈತನಿಗೆ ಅದರಿಂದ ಬರುವ ಲಾಭವನ್ನು ಅಲ್ಲಗಳೆಯಬೇಕಾದುದೂ ಇಲ್ಲ. ಆದರೆ ಹಳೆಯ ಕಾರಿನ ರಬ್ಬರು ಈ ನೆಂಟನನ್ನು ನಿರೀಕ್ಷಿಸಿ ತಯಾರಾದುದಲ್ಲ. ಎಥನಾಲು ತಗುಲಿ ಹಳೆಯ ಕೊಳವೆಗಳೂ ಪಂಪಿನ ಪೊರೆಯೂ ಉಬ್ಬುತ್ತವೆ, ಮೆತ್ತಗಾಗುತ್ತವೆ, ಬಿರಿಯುತ್ತವೆ. ಟ್ಯಾಂಕಿನಲ್ಲಿ ವರ್ಷಗಟ್ಟಲೆ ಮಲಗಿದ್ದ ಜಿಗುಟನ್ನು ಅದು ಸಡಿಲಿಸಿ ಸೋಸುಬಟ್ಟಲಿಗೆ ತಂದು ತುಂಬುತ್ತದೆ. ಮೇಲಾಗಿ ಅದು ನೀರನ್ನು ಹೀರುವ ಸ್ವಭಾವದ್ದು. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ನೀರು ಮಿತಿಮೀರಿದರೆ, ನೀರೂ ಎಥನಾಲೂ ಒಂದಾಗಿ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಹೀರುವ ಕೊಳವೆಯ ಬಾಯಿ ಇರುವುದೂ ತಳದಲ್ಲಿಯೇ!

ಇನ್ನೊಂದು ಮಾತು. ಎಥನಾಲು ಉರಿಯಲು ತೂಕದಲ್ಲಿ ಸುಮಾರು 9 ಪಾಲು ಗಾಳಿ ಸಾಕು. ಆದುದರಿಂದ ಶುದ್ಧ ಪೆಟ್ರೋಲಿನ ಲೆಕ್ಕಕ್ಕೆ ಕೊರೆದ ಜೆಟ್ಟಿನಲ್ಲಿ 20 ಪಾಲು ಎಥನಾಲಿನ ಪೆಟ್ರೋಲು ಹರಿದರೆ ಮಿಶ್ರಣ ಸ್ವಲ್ಪ ತೆಳುವಾಗುತ್ತದೆ. ಹೊಸ ಕಾರು ತಾನೇ ಅಳೆದು ಸರಿಪಡಿಸಿಕೊಳ್ಳುತ್ತದೆ. ಹಳೆಯದಕ್ಕೆ ಆ ಜ್ಞಾನೇಂದ್ರಿಯವಿಲ್ಲ. ಕಾರನ್ನು ಉಳಿಸಿಕೊಳ್ಳಬೇಕೆನ್ನುವವರು ಎಥನಾಲು ತಾಳುವ ಕೊಳವೆಗಳನ್ನೂ ಪೊರೆಯನ್ನೂ ಒಮ್ಮೆ ಹಾಕಿಸಿಬಿಡುವುದು, ಮೊದಲ ಕೆಲವು ತಿಂಗಳು ಸೋಸುಬಟ್ಟಲನ್ನು ಆಗಾಗ ತೆರೆದು ನೋಡುವುದು, ಕಾರನ್ನು ಬಹುದಿನ ನಿಲ್ಲಿಸದೆ ಓಡಿಸುತ್ತಿರುವುದು ಒಳ್ಳೆಯದು. ಬಲ್ಲ ಮೆಕ್ಯಾನಿಕನಿಂದ ಮಿಶ್ರಣವನ್ನು ಸರಿಪಡಿಸಿಕೊಂಡರೆ ಇನ್ನೂ ಒಳ್ಳೆಯದು.

ಮೊದಲಲ್ಲಿ ಕಂಡ ಬೀಡಿಯ ಮನುಷ್ಯನನ್ನು ಮರೆಯುವಂತಿಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಮೇಲೆ ಹಾರಿಹೋಗದೆ ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಆದುದರಿಂದ ಬೀಡಿಯವನನ್ನು ಇಪ್ಪತ್ತು ಹೆಜ್ಜೆ ದೂರ ಕಳಿಸಿಯೇ ಕೊಳವೆಗೆ ಕೈ ಹಾಕಬೇಕು. ಕಾರ್ಬ್ಯುರೇಟರಿನ ಬಾಯಿಗೆ ಸೀಸೆಯಿಂದ ಪೆಟ್ರೋಲು ಸುರಿಯುತ್ತ ಸ್ಟಾರ್ಟರು ತಿರುಗಿಸುವ ರೂಢಿಯೊಂದಿದೆ. ಇಂಜಿನು ಒಮ್ಮೆ ಹಿಂದಕ್ಕೆ ಸೀನಿದರೆ ಸೀಸೆಯೂ ಸುರಿಯುವ ಕೈಯೂ ಜ್ವಾಲೆಯಲ್ಲಿ ಸಿಕ್ಕುತ್ತವೆ. ಕೊಳವೆಯನ್ನು ಬಾಯಿಂದ ಹೀರಿ ಪೆಟ್ರೋಲು ಇಳಿಸುವುದೂ ಅಷ್ಟೇ ಅಪಾಯ. ಗುಟುಕು ಹೊಟ್ಟೆಗೆ ಹೋದುದಕ್ಕಿಂತ ಕೆಲವು ಹನಿ ಶ್ವಾಸಕೋಶಕ್ಕೆ ಹೋದುದು ಹೆಚ್ಚು ಘಾತಕ. ಹಾಗೆ ನುಂಗಿದವನಿಗೆ ವಾಂತಿ ಮಾಡಿಸಬಾರದು, ಆಸ್ಪತ್ರೆಗೆ ಕರೆದೊಯ್ಯಬೇಕು. ಒಂದು ಸಣ್ಣ ಅಗ್ನಿಶಾಮಕ ಡಬ್ಬಿ ಹಳೆಯ ಕಾರಿನಲ್ಲಿ ಸ್ಪೇರು ಚಕ್ರದಷ್ಟೇ ಅವಶ್ಯಕ.

ಈಗ ಉಪಾಧ್ಯಾಯರ ಬಳಿಗೆ ಹಿಂದಿರುಗೋಣ. ಮೂರನೆಯ ಭಾನುವಾರ ಅದೇ ಏರಿನಲ್ಲಿ ಕಾರು ನಿಂತಿತೆಂದು ಇಟ್ಟುಕೊಳ್ಳಿ. ಈ ಸಲ ಅವರು ಬಾನೆಟ್ಟಿನ ಕಡೆಗೆ ಹೋಗಲಿಲ್ಲ. ಹಿಂದಕ್ಕೆ ನಡೆದು ಟ್ಯಾಂಕಿನ ಮುಚ್ಚಳವನ್ನು ತಿರುಗಿಸಿದರು. ಬುಸ್ಸೆಂದಿತು. ಮುಚ್ಚಳವನ್ನು ಸಡಿಲವಾಗಿಟ್ಟು ಸ್ಟಾರ್ಟರು ತಿರುಗಿಸಿದರೆ ಇಂಜಿನು ಮೊದಲ ಕರೆಗೇ ಓಗೊಟ್ಟಿತು. ಮುಚ್ಚಳದ ಉಸಿರುಗಂಡಿಯಲ್ಲಿ ಎಣ್ಣೆಯ ಪಸೆಯೊಡನೆ ಕಲಸಿ ಗಟ್ಟಿಯಾದ ಒಂದು ಚಿಟಿಕೆ ಕೆಂಪು ಧೂಳು. 2000ದ ದಶಕದಲ್ಲಿ ಸಾಲುಗಟ್ಟಿ ಓಡಿದ ಅದಿರಿನ ಲಾರಿಗಳು ಈ ದಾರಿಗಳಲ್ಲಿ ಎಬ್ಬಿಸಿದ, 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದ ಮೇಲೆ ತುಸು ತಗ್ಗಿ, ನಿಯಮಗಳಿಗೊಳಪಟ್ಟು ಗಣಿಗಳು ಮತ್ತೆ ತೆರೆದ ಮೇಲೆ ಮತ್ತೆ ಏಳುತ್ತಿರುವ ಆ ಸಂಡೂರಿನ ಕೆಂಪು ಧೂಳು! ಬಯಲಿನಲ್ಲಿ ನಿಧಾನವಾಗಿ ಇಳಿಯುತ್ತಿದ್ದ ಪೆಟ್ರೋಲಿಗೆ ಹೇಗೋ ಸಾಕಾಗುತ್ತಿದ್ದ ಗಾಳಿ, ಏರಿನ ಹಸಿವಿಗೆ ಸಾಲುತ್ತಿರಲಿಲ್ಲ, ಅಷ್ಟೆ. ಒಂದು ಗುಂಡುಸೂಜಿ ಆ ಗಂಡಿಯನ್ನು ಬಿಡಿಸಿತು. ಜೆಟ್ಟಿಗೆ ನಿಷಿದ್ಧವಾದ ಸೂಜಿ ಮುಚ್ಚಳಕ್ಕೆ ನಿಷಿದ್ಧವಲ್ಲ.

ಕಳಚಿ ಮೂಲೆಗೆ ಎಸೆದಿದ್ದ ಹಳೆಯ ಕಾರ್ಬ್ಯುರೇಟರು ಅವರ ಮನೆಯ ಹಲಗೆಯ ಮೇಲೆ ಇನ್ನೂ ಇರುತ್ತದೆ. ಮಾಡದ ತಪ್ಪಿಗೆ ಶಿಕ್ಷೆ ಅನುಭವಿಸಿದ ಅದನ್ನು ನೋಡಿದಾಗಲೆಲ್ಲ ಅವರಿಗೆ, ತರಗತಿಯಲ್ಲಿ ಮುಂದಿನ ಬೆಂಚಿನಲ್ಲಿ ಕುಳಿತಿದ್ದ ಕಾರಣಕ್ಕಾಗಿಯೇ ಏಟು ತಿಂದ ಯಾವನೋ ಹುಡುಗನ ನೆನಪಾದರೆ ಆಶ್ಚರ್ಯವಿಲ್ಲ.